ಬೀಗದಕ್ಕ ತಾನಿದ್ದ ಮನೆ ಮಾರಿದ್ದು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಬಾಡಿಗೆಗೆ ಮನೆ ಹುಡುಕಿ ನೋಡು ಅಂತ ಯಾಕೆ ಸೇರಿಸಲಿಲ್ಲವೋ ಗೊತ್ತಿಲ್ಲ. ಬಹುಶಃ ಆ ಗಾದೆ ಮಾಡಿದವರಿಗೆಲ್ಲ ಸ್ವಂತ ಮನೆ ಇದ್ದಿರಬೇಕು. ಈ ಊರಿಗೆ ಬಂದ ಹೊಸದರಲ್ಲಿ ನಾನೂ ನನ್ನ ಹೆಂಡತಿಯೂ ಮನೆ ಹುಡುಕಿ ಹುಡುಕಿ ಚಪ್ಪಲಿ ಸವೆಸಿದ್ದೆವು. ಕೊನೆಗೆ ಔಷಧಿ ಅಂಗಡಿಯವರು, ಬೀಗದಕ್ಕನ್ನ ಕೇಳಿ ನೋಡಿ, ಅಂದರು.

ಬೀಗದಕ್ಕ ಅಂದರೆ ಹೆಸರಲ್ಲ, ಜನ ಇಟ್ಟದ್ದು. ತೆಳ್ಳಗಿನ ಹೆಂಗಸು, ವಯಸ್ಸು ಐವತ್ತು ದಾಟಿತ್ತು, ಕಾಲಿಗೆ ಕ್ಯಾನ್ವಾಸ್ ಶೂ. ಹೆಗಲ ಚೀಲದೊಳಗೆ ಖಾಲಿ ಮನೆಗಳ ಬೀಗದ ಕೈ. ಅವಳು ನಡೆದು ಬಂದರೆ ಆ ಚೀಲ ಜಣಜಣ ಅನ್ನುತ್ತ ಅವಳಿಗಿಂತ ಒಂದು ತಿರುವು ಮೊದಲೇ ಬರುತ್ತಿತ್ತು. ಅವತ್ತು ಅವಳು ಒಂದು ಮನೆಯ ಬಾಗಿಲು ತೆಗೆದು, ನಾವು ಒಳಗೆ ಕಾಲಿಡುವ ಮೊದಲು ಕೈ ಅಡ್ಡ ಇಟ್ಟಳು.

"ಮುಂಚೆನೇ ಹೇಳಿಬಿಡ್ತೀನಿ. ಮೇಲಿನ ಮನೆಯವರು ಎದ್ದ ಕೂಡಲೇ ಮಿಕ್ಸಿ ಹಾಕ್ತಾರೆ. ಬಚ್ಚಲ ನೀರು ನಿಧಾನಕ್ಕೆ ಹೋಗುತ್ತೆ. ಇಷ್ಟಕ್ಕೆ ಒಪ್ಪಿಗೆ ಇದ್ರೆ ಒಳಗೆ ಬನ್ನಿ."

ನಾವು ಒಳಗೆ ಹೋದೆವು. ಇವತ್ತಿಗೂ ಅದೇ ಮನೆಯಲ್ಲಿದ್ದೇವೆ. ಮಿಕ್ಸಿ ಇವತ್ತು ಬೆಳಗ್ಗೆಯೂ ಹಾಕಿದರು.

ನಮ್ಮದು ಬೆಳೆಯುತ್ತಲೇ ಇರುವ ಊರು. ನಿನ್ನೆ ಹುಲ್ಲು ಬೆಳೆದಿದ್ದ ಜಾಗದಲ್ಲಿ ಇವತ್ತು ಕಬ್ಬಿಣದ ಸರಳು ಎದ್ದು ನಿಂತಿರುತ್ತದೆ. ಇಂಥ ಊರಲ್ಲಿ ದಲ್ಲಾಳಿಗಳಿಗೇನು ಬರ? ಕಲ್ಲೆಸೆದರೆ ಒಬ್ಬ ದಲ್ಲಾಳಿಯ ತಲೆಗೇ ಬೀಳುತ್ತದೆ, ಅವನು ತಲೆ ಉಜ್ಜಿಕೊಳ್ಳುತ್ತ "ಒಂದು ರೂಮಿಂದಾ, ಎರಡು ರೂಮಿಂದಾ?" ಅಂತ ಕೇಳುತ್ತಾನೆ. ಅಷ್ಟು ಜನರ ನಡುವೆ ಈ ಹೆಂಗಸು ಹೇಗೆ ಬಂದಳು ಅನ್ನುವುದಕ್ಕೆ ಅವಳ ಗಂಡನ ಕತೆ ಹೇಳಬೇಕು.

ಗಂಡನೂ ದಲ್ಲಾಳಿಯೇ. ದಲ್ಲಾಳಿ ಅಂದರೆ ಅವನು ಅನ್ನುವಷ್ಟು ಹೆಸರು ಮಾಡಿದ್ದ. ಮಾತಿನಮಲ್ಲ ಅಂತಲೇ ಎಲ್ಲರೂ ಕರೆಯುತ್ತಿದ್ದರು. ಬೆಳಕೇ ಬಾರದ ಕೋಣೆ ತೋರಿಸಿ, ಬೇಸಿಗೇಲಿ ಇಲ್ಲಿ ಫ್ಯಾನೇ ಬೇಡ ಸಾರ್, ಅನ್ನುತ್ತಿದ್ದ. ಇಬ್ಬರು ನಿಂತರೆ ಮೊಣಕೈ ತಾಗುವ ಅಡುಗೆಮನೆ ತೋರಿಸಿ, ನಿಂತಲ್ಲೇ ಎಲ್ಲ ಕೈಗೆ ಸಿಗುತ್ತಮ್ಮಾ, ಓಡಾಡೋ ಕೆಲಸವೇ ಇಲ್ಲ, ಅನ್ನುತ್ತಿದ್ದ. ರೈಲ್ವೆ ಹಳಿಯ ಪಕ್ಕದ ಮನೆಯಾದರೆ ಗಡಿಯಾರದ ಖರ್ಚು ಉಳಿಯಿತು ಅನ್ನುತ್ತಿದ್ದ. ಅವನು ಉತ್ಪ್ರೇಕ್ಷೆ ಮಾಡುತ್ತಿದ್ದಾನೆ ಅಂತ ಎಲ್ಲರಿಗೂ ಗೊತ್ತು. ಆದರೂ ನಗುತ್ತ ನಗುತ್ತಲೇ ಮುಂಗಡ ಕೊಟ್ಟು ಹೋಗುತ್ತಿದ್ದರು. ಮೋಸ ಮಾಡುವ ಜಾತಿಯಲ್ಲ, ಮಾತೇ ಅವನಿಗೆ ಊಟ.

ಆ ಮಾತೇ ಹೋಯಿತು. ಒಂದು ಬೆಳಗ್ಗೆ ಹೊಸದಾಗಿ ಮದುವೆಯಾದ ಗಂಡ ಹೆಂಡತಿಗೆ ಮನೆ ತೋರಿಸುತ್ತಿದ್ದ. ಬಾಲ್ಕನಿಗೆ ಕರೆದುಕೊಂಡು ಹೋಗಿ, "ಇಲ್ಲಿ ನಿಂತು ನೋಡಿದ್ರೆ" ಅಂದವನು ಅಲ್ಲೇ ಕುಸಿದು ಕೂತ. ಆ ಜೋಡಿ ಇದೂ ತಮಾಷೆ ಅಂದುಕೊಂಡು ನಕ್ಕಿತಂತೆ. ಆಮೇಲೆ ಅವನ ಬಾಯಿ ಒಂದು ಕಡೆಗೆ ಜಾರಿದ್ದು ಕಂಡು ಹುಡುಗಿ ಕೂಗಿಕೊಂಡಳು. ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಬಲಗಾಲು ಎಳೆದುಕೊಂಡು ನಡೆಯುವಷ್ಟು ಆಯಿತು, ಬಲಗೈ ಹೆಸರಿಗೆ ಮಾತ್ರ. ಬೇರೆಯವರು ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ತಿರುಗಿ ಹೇಳಲು ಹೋದರೆ ಒಂದೇ ಒಂದು ಶಬ್ದ ಬರುತ್ತಿತ್ತು. "ಆಯ್ತು."

ಒಂದೊಂದು ಸಲ ಹೀಗೆ ಒಂದು ಮಾತು ಉಳಿದುಕೊಳ್ಳುತ್ತದೆ, ಯಾಕೆ ಅದೇ ಉಳಿಯಿತು ಅಂತ ನಮಗೂ ಹೇಳಲಾಗದು, ಎಂದರು ಡಾಕ್ಟರು. ಬೀಗದಕ್ಕನಿಗೆ ಮಾತ್ರ ಆಶ್ಚರ್ಯವಾಗಲಿಲ್ಲ. ಇಷ್ಟು ವರ್ಷ ಪ್ರತಿ ವ್ಯವಹಾರದ ಕೊನೆಗೆ ಅವನು ಹೇಳುತ್ತ ಬಂದದ್ದೇ ಆ ಮಾತು. ಸಾರು ಬೇಕಾ ಅಂದರೂ ಆಯ್ತು, ಬೇಡವಾ ಅಂದರೂ ಆಯ್ತು. ಸಿಟ್ಟು ಬಂದಾಗ ಒಂದು ಆಯ್ತು, ಹೆದರಿದಾಗ ಇನ್ನೊಂದು. ಸ್ವಲ್ಪ ದಿನದಲ್ಲೇ ಅವಳು ಅದರ ಏರಿಳಿತ ಕಲಿತುಕೊಂಡಳು. ಮಗಳಿಗೆ ಅಷ್ಟು ಬರುತ್ತಿರಲಿಲ್ಲ, ಅಪ್ಪ ಏನಂದ್ರು ಅಂತ ಅಮ್ಮನ ಮುಖ ನೋಡುತ್ತಿದ್ದಳು.

ಅವನ ಮೊಬೈಲು ಮಾತ್ರ ಬಡಿದುಕೊಳ್ಳುತ್ತಲೇ ಇತ್ತು. ಮನೆಯ ಮಾಲೀಕರು, ಬಾಡಿಗೆಯವರು, ಕೀ ಎಲ್ಲಿ ಅನ್ನುವವರು. ಒಂದು ದಿನ ಬೀಗದಕ್ಕ ಕೀ ಕೊಟ್ಟು ಬರೋಣ ಅಂತ ಹೋದಳು. ಹೋದವಳಿಗೆ, ಸ್ವಲ್ಪ ತೋರಿಸಿಯೂ ಬಿಡಿ, ಅಂದರು. ಅಲ್ಲಿಯವರೆಗೆ ಅಪರಿಚಿತರ ಜೊತೆ ಎರಡು ಮಾತು ಜೋಡಿಸಿ ಆಡಿದವಳಲ್ಲ. ಏನು ಹೇಳಬೇಕೋ ತೋಚದೆ, ಮನೆ ನಡೆಸಿದ ಹೆಂಗಸಿನ ಕಣ್ಣಿಗೆ ಬಿದ್ದದ್ದನ್ನು ಹೇಳಿದಳು: ಈ ಕಿಟಕಿಗೆ ಚಿಲಕ ಕೂರುತ್ತಿಲ್ಲ, ಈ ಸಿಂಕು ಎತ್ತರ ಆಯಿತು, ಪಾತ್ರೆ ತೊಳೆದರೆ ಮೊಣಕೈವರೆಗೂ ನೀರು ಇಳಿಯುತ್ತದೆ. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಇಷ್ಟು ಬಿಚ್ಚಿ ಹೇಳಿದ ಮೇಲೆ ಬೇರೆ ಏನೂ ಮುಚ್ಚಿಟ್ಟಿರಲಿಕ್ಕಿಲ್ಲ ಅಂತ ಅದೇ ಮನೆ ಹಿಡಿದರು.

"ಸುಳ್ಳು ಹೇಳಬಾರದು ಅಂತ ವ್ರತ ಏನೂ ಹಿಡಿದಿರ್ಲಿಲ್ಲ. ಸಮಯಕ್ಕೆ ಸರಿಯಾಗಿ ಸುಳ್ಳು ಹೊಳೀತಾ ಇರ್ಲಿಲ್ಲ, ಅಷ್ಟೆ," ಅಂತ ನನ್ನ ಹೆಂಡತಿಯ ಹತ್ತಿರ ಒಮ್ಮೆ ನಗುತ್ತ ಹೇಳಿದ್ದಳು.

ಬರುತ್ತ ಬರುತ್ತ ಅದೇ ಅವಳ ದಾರಿಯಾಯಿತು. ಬೇರೆ ದಲ್ಲಾಳಿಗಳು ಗೇಲಿ ಮಾಡಿದರು. ಅವರಲ್ಲಿ ಒಬ್ಬ ಕರಿ ಕನ್ನಡಕದವನು. ಮೋಡ ಕವಿದ ದಿನವೂ ಅದನ್ನು ತೆಗೆಯುತ್ತಿರಲಿಲ್ಲ. ಕೈಗೆ ಬಂದ ತುತ್ತನ್ನ ನೀನೇ ತಟ್ಟಿ ಬೀಳಿಸ್ತೀಯಲ್ಲಕ್ಕಾ, ಅಂತ ಎದುರಿಗೇ ಅನ್ನುತ್ತಿದ್ದ. ತುತ್ತು ಕೆಲವು ಸಲ ಬೀಳುತ್ತಿದ್ದುದೂ ನಿಜ. ಆದರೆ ಅವಳು ಕೂರಿಸಿದ ಬಾಡಿಗೆಯವರು ಬೇಗ ಮನೆ ಬಿಡುತ್ತಿರಲಿಲ್ಲ, ಜಗಳವಾಡುತ್ತಿರಲಿಲ್ಲ. ಹಾಗಾಗಿ ಮಾಲೀಕರು ಅವಳನ್ನೇ ಹುಡುಕಿಕೊಂಡು ಬರತೊಡಗಿದರು.

ಹೀಗೆ ಊರಿಗೆಲ್ಲ ಮನೆ ಮಾಡಿಕೊಡುತ್ತಿದ್ದ ಬೀಗದಕ್ಕ ತಾನಿದ್ದದ್ದು ಬಾಡಿಗೆ ಮನೆಯಲ್ಲಿ. ಮೇಲೆ ಇವರು, ಕೆಳಗೆ ಮಾಲೀಕರು. ಮಾಲೀಕ ಬೇಕರಿಯವನು. ಮುಖ್ಯ ರಸ್ತೆಯಲ್ಲಿ ಅವನ ಅಂಗಡಿ, ಬ್ರೆಡ್ಡಿಗೆ ಹೆಸರುವಾಸಿ. ಗಂಡ ಹೆಂಡತಿಗೆ ಮಕ್ಕಳಿರಲಿಲ್ಲ. ಬೀಗದಕ್ಕನ ಮಗಳು ಆ ಮೆಟ್ಟಿಲ ಮೇಲೇ ಆಡಿ ಬೆಳೆದು, ಓದಿ, ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸಕ್ಕೆ ಸೇರಿದ್ದಳು. ಮಾತಿನಮಲ್ಲ ಬಿದ್ದ ಕಾಲದಲ್ಲಿ ಬಾಡಿಗೆ ತಡವಾದರೆ ಬೇಕರಿಯವನು ಕೇಳುತ್ತಿರಲಿಲ್ಲ, ಅವನ ಹೆಂಡತಿ ಕೇಳದೆಯೇ ಅಡುಗೆ ಕಳಿಸುತ್ತಿದ್ದಳು. ಬಾಯಿಗೆ ಅಣ್ಣ ಅತ್ತಿಗೆ ಅಂತ ಬಂದದ್ದು ಮನಸ್ಸಿಗೂ ಇಳಿದಿತ್ತು.

ಬೇಕರಿಯವನಿಗೆ ಕೆಲವು ವರ್ಷಗಳಿಂದ ಕೆಮ್ಮು. ಮೊದಲು ಚಳಿಗೆ ಅಂದುಕೊಂಡರು, ಆಮೇಲೆ ವಯಸ್ಸಿಗೆ ಅಂದುಕೊಂಡರು. ಕೊನೆಗೆ ಡಾಕ್ಟರು ಬೇಕರಿ ಎಂದರು. ಜೀವಮಾನವೆಲ್ಲ ಮೈದಾಹಿಟ್ಟಿನ ಧೂಳು ಕುಡಿದು ಎದೆ ಕಟ್ಟಿದೆ, ಆ ಹಿಟ್ಟಿನ ಹತ್ತಿರ ಇನ್ನು ಸುಳಿಯಬೇಡಿ, ಈ ಊರಿನ ಧೂಳೂ ನಿಮಗೆ ಆಗದು ಅಂತ ಹೇಳಿದರು. ಅತ್ತಿಗೆಯ ತಂಗಿ ದೂರದ ಒಂದು ಸಣ್ಣ ಊರಲ್ಲಿದ್ದಳು. ಅಲ್ಲಿಗೇ ಹೋಗಿಬಿಡೋಣ ಅಂತ ಗಂಡ ಹೆಂಡತಿ ನಿರ್ಧರಿಸಿದರು. ಹೋಗಬೇಕಾದರೆ ಈ ಮನೆ ಮಾರಬೇಕು.

ಆ ಮಾತು ಹೇಳಲು ಬೇಕರಿಯವನು ಒಂದು ಭಾನುವಾರ ಬೆಳಗ್ಗೆ ಮೆಟ್ಟಿಲು ಹತ್ತಿ ಬಂದ. ಕೂತು, ನೀರು ಕೇಳಿದ. ಕುಡಿದು, ಇನ್ನೊಂದು ಲೋಟ ಕೇಳಿದ. ಮಾತಿನಮಲ್ಲನನ್ನು ಒಮ್ಮೆ, ನೆಲವನ್ನು ಒಮ್ಮೆ ನೋಡಿದ.

"ತಂಗೀ, ಒಂದು ಮನೆ ಮಾರಿಕೊಡಬೇಕು," ಅಂದ.

"ಯಾವುದಣ್ಣ?"

ಅವನು ಕೈಯನ್ನು ಗೋಡೆಯ ಕಡೆ ಸುಮ್ಮನೆ ಆಡಿಸಿದ. ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಅವಳು ಎದ್ದು ಲೋಟ ಒಳಗೆ ಇಟ್ಟು ಬಂದಳು.

ಬೇರೆಯವರಿಗೆ ವಹಿಸಣ್ಣ, ನನ್ನಿಂದ ಹೇಗಾಗುತ್ತೆ, ಅಂತ ಅವಳು ಅಂದದ್ದು ಹೌದು. ಅವನು ಒಪ್ಪಲಿಲ್ಲ. ಬೇರೆಯವನು ಬಂದು ಸುಳ್ಳು ಹೇಳಿ ಮಾರಿದರೆ ಆ ಶಾಪ ತನಗೆ ಬೇಡ ಅಂದ. ಜೊತೆಗೆ, ನೀವು ಬೇರೆ ಮನೆ ಹುಡುಕಿಕೊಳ್ಳುವವರೆಗೂ ಕೊಳ್ಳುವವರು ಕಾಯಬೇಕು, ಆ ಷರತ್ತು ನಾನೇ ಹಾಕುತ್ತೇನೆ ಅಂದ. ಹೇಳಿ ಮುಗಿಸುವಷ್ಟರಲ್ಲಿ ಕೆಮ್ಮು ಬಂತು. ಆ ಕೆಮ್ಮು ನಿಲ್ಲುವವರೆಗೆ ಅವಳು ಎದುರಿಗೆ ನಿಂತಿದ್ದಳು. ಕೆಮ್ಮು ನಿಂತಮೇಲೆ ಇಲ್ಲ ಅನ್ನಲು ಅವಳಿಗೆ ಬಾಯಿ ಬರಲಿಲ್ಲ.

ಮಗಳು ಸಂಜೆ ಕೆಲಸದಿಂದ ಬಂದು ವಿಷಯ ಕೇಳಿ ಹೊತ್ತಿಕೊಂಡಳು. ಅಪ್ಪನನ್ನು ಕರೆದುಕೊಂಡು ಎಲ್ಲಿಗೆ ಹೋಗೋದು ಅಂತ ಯೋಚಿಸಿದೀಯಾ, ಊರಿಗೆ ಉಪಕಾರಿ ಮನೆಗೆ ಮಾರಿ ಅನ್ನೋದು ಇದಕ್ಕೇ, ಅಂದಳು. ಆಮೇಲೆ ಸಿಟ್ಟು ಇಳಿದು, ಅಮ್ಮನ ಪಕ್ಕ ಕೂತು ಮೆಲ್ಲಗೆ ಇನ್ನೊಂದು ಮಾತು ಹೇಳಿದಳು.

"ನೀನು ಹೇಗೂ ಕುಂದು ಮೊದಲು ಹೇಳ್ತೀಯಲ್ಲಮ್ಮ. ಇಲ್ಲೂ ಹೇಳು. ಚೆನ್ನಾಗಿ ಹೇಳು."

ಬೀಗದಕ್ಕ ಎದ್ದು ಗಂಡನ ಊಟಕ್ಕೆ ತಟ್ಟೆ ಇಟ್ಟಳು.

ಖಾಲಿ ಮನೆ ತೋರಿಸುವುದು ಬೇರೆ, ಇರುವ ಮನೆ ತೋರಿಸುವುದು ಬೇರೆ. ಇರುವ ಮನೆಗಳನ್ನೂ ಅವಳು ತೋರಿಸಿದ್ದಳು, ಬೇರೆಯವರ ಕೋಣೆಯ ಪರದೆ ಎತ್ತಿದ್ದಳು, ಬೇರೆಯವರ ಬಚ್ಚಲ ಬಾಗಿಲು ತಳ್ಳಿ, ಬನ್ನಿ ಬನ್ನಿ ಅಂದಿದ್ದಳು. ಆ ಮನೆಯವರು ಒಂದು ಮೂಲೆಯಲ್ಲಿ ಯಾಕೆ ಅಷ್ಟು ಮುದುರಿ ನಿಲ್ಲುತ್ತಾರೆ ಅಂತ ಈಗ ಗೊತ್ತಾಯಿತು. ಬಂದವರು ಅವಳ ಹಾಸಿಗೆಯ ಅಗಲ ಕಣ್ಣಲ್ಲೇ ಅಳೆದರು. ಒಣಗಲು ಹಾಕಿದ ಬಟ್ಟೆ ಸರಿಸಿ ಹೊರಗೆ ಇಣುಕಿದರು. ಒಬ್ಬಾತ ಅಡುಗೆಮನೆಯ ಕಪಾಟು ತೆಗೆದು ಬೇಳೆ ಡಬ್ಬಿಗಳನ್ನು ನೋಡಿ ಮುಚ್ಚಿದ. ಮಾತಿನಮಲ್ಲ ಹಾಲಿನ ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಿದ್ದ. ಬಂದವರು ಅವನಿಗೆ ಕೇಳಿಸುವುದಿಲ್ಲ ಅನ್ನುವ ಹಾಗೆ, ಇವರೂ ಖಾಲಿ ಮಾಡ್ತಾರೆ ತಾನೆ, ಅಂತ ವಿಚಾರಿಸುತ್ತಿದ್ದರು.

ಮೊದಲು ಬಂದದ್ದು ಬ್ಯಾಂಕಿನ ಒಬ್ಬ ನೌಕರ. ಬೀಗದಕ್ಕ ಎಂದಿನಂತೆ ಶುರು ಮಾಡಿದಳು. ಮೆಟ್ಟಿಲು ಕಡಿದು, ವಯಸ್ಸಾದವರಿಗೆ ಕಷ್ಟ. ಹಿಂದಿನ ಕಿಟಕಿ ತೆಗೆದರೆ ಪಕ್ಕದವರ ನೀರಿನ ಟ್ಯಾಂಕು ಬಿಟ್ಟು ಬೇರೇನೂ ಕಾಣದು. ಈ ಹಾಲಿನ ಗೋಡೆಯಲ್ಲಿ ತೇವ ಬಂದಿತ್ತು, ಬಣ್ಣ ಉಬ್ಬಿ ಉದುರಿತ್ತು. ಆತ ತಲೆಯಾಡಿಸಿ ಹೋದ. ಎರಡನೆಯದಾಗಿ ಒಂದು ಸಂಸಾರ ಬಂತು, ಅವರಿಗೂ ಅದೇ ಹೇಳಿದಳು. ಅವರೂ ಹೋದರು. ಕೆಳಗೆ ಬೇಕರಿಯವನು ಬಾಗಿಲಲ್ಲಿ ನಿಂತು ಹೋದವರ ಬೆನ್ನು ನೋಡುತ್ತಿದ್ದ. ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು, ಹೋಗ್ಲಿ ಬಿಡಣ್ಣ, ಅಂತ ಇವಳೇ ಸಮಾಧಾನ ಹೇಳಿದಳು. ಮಗಳು ಮಾತ್ರ ಅವತ್ತು ಅಮ್ಮನಿಗೆ ತಾನೇ ಕಾಫಿ ಮಾಡಿಕೊಟ್ಟಳು.

ಆಮೇಲೆ ಬಂದದ್ದು ಗಡಿಯಾರ ರಿಪೇರಿಯವನು ಮತ್ತು ಅವನ ಹೆಂಡತಿ. ಅವರಿಗೆ ಮನೆ ಮೆಚ್ಚಿಗೆಯಾದ ಹಾಗಿತ್ತು. ಬೀಗದಕ್ಕ ಮೆಟ್ಟಿಲು ಹೇಳಿದಳು, ಟ್ಯಾಂಕು ಹೇಳಿದಳು, ಗೋಡೆಯ ಹತ್ತಿರ ಬಂದು ತೇವದ ವಿಷಯ ಹೇಳಿದಳು. ಹೆಂಡತಿಯ ಮುಖ ಚಿಕ್ಕದಾಯಿತು. ಅಷ್ಟರಲ್ಲಿ ಕುರ್ಚಿಯಿಂದ "ಆಯ್ತು" ಅಂತ ಕೇಳಿಸಿತು.

ಎಲ್ಲರೂ ತಿರುಗಿದರು. ಮಾತಿನಮಲ್ಲ ಎಡಗೈ ಎತ್ತಿ ತನ್ನ ಪಕ್ಕದ ಗೋಡೆಯನ್ನು ತಟ್ಟಿದ. ಇನ್ನೊಮ್ಮೆ ತಟ್ಟಿದ. ಅಂಗೈ ಉಜ್ಜಿ, ಒಣಗಿದೆ ನೋಡು ಅನ್ನುವ ಹಾಗೆ ಹೆಂಡತಿಯ ಕಡೆ ಹಿಡಿದ. "ಆಯ್ತು. ಆಯ್ತು. ಆಯ್ತು." ಅವನ ಮುಖ ಕೆಂಪಾಗಿತ್ತು.

ಗಡಿಯಾರದವರಿಗೆ ಏನೂ ತಿಳಿಯಲಿಲ್ಲ. ಇವರಿಗೆ ಹುಷಾರಿಲ್ಲವೇನೋ, ಇನ್ನೊಮ್ಮೆ ಬರ್ತೀವಿ, ಅಂತ ಇಳಿದು ಹೋದರು, ಮತ್ತೆ ಬರಲಿಲ್ಲ. ಬೀಗದಕ್ಕನಿಗೆ ಮಾತ್ರ ಎಲ್ಲ ತಿಳಿಯಿತು. ಆ ಗೋಡೆಯಲ್ಲಿ ತೇವ ಇದ್ದದ್ದು ನಿಜ. ಆದರೆ ಹೋದ ಬೇಸಿಗೆಯಲ್ಲಿ ಬೇಕರಿಯವನು ಗೋಡೆ ಒಡೆಸಿ, ಒಳಗಿನ ಪೈಪು ಬದಲಾಯಿಸಿ, ಸಿಮೆಂಟು ಮಾಡಿಸಿದ್ದ. ಆ ಮೇಲೆ ಒಂದು ಮಳೆಗಾಲವೇ ಕಳೆದಿತ್ತು, ಒಂದು ಹನಿ ಬಂದಿರಲಿಲ್ಲ. ತೇವ ಬಂದಿತ್ತು ಅನ್ನುವಲ್ಲಿಗೆ ಅವಳ ಬಾಯಿ ಪ್ರತಿಸಲ ನಿಂತುಬಿಡುತ್ತಿತ್ತು, ರಿಪೇರಿಯ ಕಡೆ ಹೋಗುತ್ತಲೇ ಇರಲಿಲ್ಲ. ತಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಹಾಗಂತ ಅದು ನಿಜವೂ ಆಗಿರಲಿಲ್ಲ. ಅದನ್ನು ಹಿಡಿದವನು ಯಾರು? ಕತ್ತಲ ಕೋಣೆಯನ್ನು ತಂಪು ಅಂತ ಮಾರುತ್ತಿದ್ದ ಅವಳ ಗಂಡ.

ಅವಳು ಅವನ ಎದುರು ಸ್ಟೂಲು ಎಳೆದುಕೊಂಡು ಕೂತಳು.

"ಗೊತ್ತಾಯ್ತು ಕಣ್ರೀ," ಅಂದಳು. "ಎಲ್ಲಿಗೆ ಹೋಗೋದು ಅಂತ ಭಯ ಆಯ್ತು, ಅದಕ್ಕೆ."

ಅವನು ಆ ಎಡಗೈಯನ್ನೇ ಅವಳ ಮಂಡಿಯ ಮೇಲೆ ಇಟ್ಟ. ಅವನಿಗೂ ಭಯವಾಗಿತ್ತು ಅಂತ ಆ ಕೈಯ ಭಾರದಲ್ಲಿ ಅವಳಿಗೆ ತಿಳಿಯಿತು.

ಅವಳು ಕೆಳಗೆ ಹೋಗಿ ಬೇಕರಿಯವನಿಗೆ ಇದ್ದದ್ದು ಇದ್ದ ಹಾಗೆ ಹೇಳಿದಳು. ಹೇಳುವಾಗ ತಲೆ ಎತ್ತಲಿಲ್ಲ. ಅವನು ಕೇಳಿಸಿಕೊಂಡು, ಅಲ್ಲಾ ತಂಗೀ, ಆ ಸಿಮೆಂಟಿನವನಿಗೆ ಎಷ್ಟು ಕೊಟ್ಟೆ ಅಂತ ನಿನಗೆ ಗೊತ್ತಿದ್ದಿದ್ರೆ ನೀನು ಮರೀತಾನೇ ಇರ್ಲಿಲ್ಲ, ಅಂದ. ಅತ್ತಿಗೆ ಸೆರಗಿಂದ ಕಣ್ಣೊರೆಸಿಕೊಳ್ಳುತ್ತಲೇ ನಕ್ಕುಬಿಟ್ಟಳು. ಆ ಮಾತು ಅಲ್ಲಿಗೆ ಮುಗಿಯಿತು.

ಸ್ವಲ್ಪ ದಿನಕ್ಕೆ ಇಬ್ಬರು ಅಕ್ಕತಂಗಿಯರು ಬಂದರು. ಅಕ್ಕ ಶಾಲೆಯ ಮಕ್ಕಳ ವ್ಯಾನು ಓಡಿಸುವವಳು. ಒಂದು ವ್ಯಾನಿಂದ ಶುರು ಮಾಡಿ ಈಗ ಬೇರೆ ಡ್ರೈವರುಗಳನ್ನೂ ಇಟ್ಟುಕೊಂಡಿದ್ದಳು. ತಂಗಿ ಹೊಲಿಗೆಯವಳು. ಒಬ್ಬರನ್ನೊಬ್ಬರು ಬಿಟ್ಟಿರಲಾರರು, ಒಟ್ಟಿಗೂ ಇರಲಾರರು. ಹೀಗಾಗಿ ಮೇಲೊಂದು ಕೆಳಗೊಂದು ಮನೆ ಬೇಕು, ಜಗಳ ಬಂದ್ರೆ ನಡುವೆ ಮೆಟ್ಟಿಲು ಇರ್ಲಿ, ಅಂದಳು ಅಕ್ಕ.

ಬೀಗದಕ್ಕ ಮೆಟ್ಟಿಲು ಕಡಿದು ಅಂದಳು, ಟ್ಯಾಂಕು ತೋರಿಸಿದಳು. ಗೋಡೆಗೆ ಬಂದು ತೇವವನ್ನೂ ಹೇಳಿದಳು, ಪೈಪು ಬದಲಾಯಿಸಿದ್ದನ್ನೂ ಹೇಳಿದಳು, ಮುಟ್ಟಿ ನೋಡಿ ಅಂದಳು. ಆಮೇಲೆ, ಅಷ್ಟಕ್ಕೇ ಬಿಡದೆ, ಅವಳು ಯಾವ ಮನೆಯಲ್ಲೂ ಮಾಡದ ಕೆಲಸ ಮಾಡಿದಳು. ಈ ಮನೆಯ ಒಳ್ಳೆಯದನ್ನು ಹೇಳತೊಡಗಿದಳು. ಬೆಳಗಿನ ಬಿಸಿಲು ಅಡುಗೆಮನೆಯ ಕಲ್ಲಿನ ಮೇಲೆ ಬಂದು ಕೂರುತ್ತೆ, ಚಳಿಗಾಲದಲ್ಲಿ ಕೈ ಕಾಯಿಸಿಕೊಳ್ಳಬಹುದು. ಬೇಸಿಗೆಯಲ್ಲೂ ನಲ್ಲಿಯಲ್ಲಿ ನೀರು ನಿಂತಿಲ್ಲ. ಎದುರು ಮನೆಯವರು ಸಿಡುಕರು, ಆದರೆ ಇವರನ್ನ ಆಸ್ಪತ್ರೆಗೆ ಸೇರಿಸಿದಾಗ ಹಗಲೆಲ್ಲ ಅಲ್ಲೇ ಕೂತಿದ್ದರು. ಈ ಬಾಗಿಲ ಚೌಕಟ್ಟಿಗೆ ನನ್ನ ಮಗಳು ಹಲ್ಲು ಬರೋ ಕಾಲದಲ್ಲಿ ಕಚ್ಚಿದ ಗುರುತಿದೆ, ಬೇಕಾದ್ರೆ ಬಣ್ಣ ಹೊಡೆಸಿಕೊಳ್ಳಿ. ಅಷ್ಟು ಹೇಳಿ, ನೀರು ಕುಡಿದು ಬರ್ತೀನಿ ಅಂತ ಒಳಗೆ ಹೋದಳು.

ವಾಪಸು ಬಂದಾಗ ತಂಗಿ ಆ ಚೌಕಟ್ಟಿನ ಹತ್ತಿರ ಬಗ್ಗಿ ನೋಡುತ್ತಿದ್ದಳು. "ಬಣ್ಣ ಯಾಕೆ, ಇರ್ಲಿ ಬಿಡಿ," ಅಂದಳು. ಅಕ್ಕ ಮಾತ್ರ ಲೆಕ್ಕದ ಹೆಂಗಸು, ಬೇಕರಿಯವನ ಹತ್ತಿರ ಚೌಕಾಸಿ ಮಾಡಿ ಮಾಡಿ ಅವನಿಗೆ ಮತ್ತೆ ಕೆಮ್ಮು ಬರಿಸಿದಳು. ಕೊನೆಗೆ ಮನೆ ಅವರದಾಯಿತು. ನೀವೆಲ್ಲಿಗೆ ಹೋಗ್ತೀರಿ ಅಂತ ತಂಗಿ ಕೇಳಿದಾಗ ಬೀಗದಕ್ಕ, ನಮಗೇನು, ಊರು ತುಂಬ ಮನೆ, ಅಂದಳು.

ಊರು ತುಂಬ ಮನೆ ಇತ್ತು, ನಿಜ. ಅವಳಿಗೆ ಕೊಡುವವರು ಇರಲಿಲ್ಲ. ಅಕ್ಕಾ ನಿಮ್ಮಂಥವರು ಸಿಗಲ್ಲ ಅನ್ನುತ್ತಿದ್ದ ಮಾಲೀಕರನ್ನೇ ಅವಳು ಕೇಳಿಕೊಂಡು ಹೋದಳು. ಒಬ್ಬರು, ಕಾಯಿಲೆಯವರು ಅಂದ್ರೆ ನಮ್ಮ ಮನೆಯವರು ಹೆದರ್ತಾರೆ ಅಂದರು. ಒಬ್ಬರು ಮನೆಗೆ ನೆಂಟರು ಬರ್ತಾರೆ ಅಂದರು, ಆ ನೆಂಟರು ಇದುವರೆಗೂ ಬಂದಿಲ್ಲ. ಇನ್ನೊಬ್ಬರು ನೇರವಾಗಿಯೇ, ಅವರು ಕೂಗಾಡ್ತಾರಾ ಅಂತ ಕೇಳಿದರು. ಎಷ್ಟೋ ಸಲ ಇಂಥ ಸಬೂಬುಗಳನ್ನು ಮಾಲೀಕರ ಬಾಯಿಂದ ತೆಗೆದುಕೊಂಡು ಬಾಡಿಗೆಯವರ ಕಿವಿಗೆ ಹಾಕಿದವಳು ಅವಳೇ. ಆಗೆಲ್ಲ, ಇರ್ಲಿ ಬೇರೆ ನೋಡೋಣ ಅಂತ ಮುಂದಕ್ಕೆ ನಡೆದುಬಿಡುತ್ತಿದ್ದಳು. ಈಗ ಮನೆಗೆ ಬಂದು, ಗಂಡ ಏನಾಯಿತು ಅನ್ನುವ ಹಾಗೆ ನೋಡಿದರೆ, ಮನೆ ಸೋರುತ್ತೆ ಕಣ್ರೀ, ನಾನೇ ಬೇಡ ಅಂದೆ, ಅನ್ನುತ್ತಿದ್ದಳು. ಸುಳ್ಳು ಸಮಯಕ್ಕೆ ಸರಿಯಾಗಿ ಹೊಳೆಯುತ್ತಿತ್ತು.

ಈ ಸುದ್ದಿ ಕರಿ ಕನ್ನಡಕದವನ ಕಿವಿಗೆ ಬಿತ್ತು. ಅವನು ಗೇಲಿ ಮಾಡಬಹುದು ಅಂತ ಅವಳು ದಾರಿ ಬದಲಿಸಿ ಓಡಾಡುತ್ತಿದ್ದಳು. ಅವನು ಅಡ್ಡ ಬಂದು ನಿಲ್ಲಿಸಿ, ನನ್ನ ಹತ್ರ ಒಂದು ಮನೆ ಇದೆ, ಅಣ್ಣನ್ನೂ ಕರ್ಕೊಂಡು ಬಾ, ಅಂದ.

ಮಾತಿನಮಲ್ಲನನ್ನು ಆಟೋದಲ್ಲಿ ಕೂರಿಸಿಕೊಂಡು ಹೋದರು. ಮಗಳೂ ರಜೆ ಹಾಕಿ ಬಂದಿದ್ದಳು. ಮನೆ ಇದ್ದದ್ದು ಬಸ್ ಸ್ಟಾಪಿನ ಎದುರಿಗೇ. ಹಿಂದೆ ಎರಡು ಕೋಣೆ, ಅಡುಗೆಮನೆ. ಮುಂದೆ ಒಂದು ಅಂಗಡಿ ಇದ್ದ ಜಾಗ, ಅದಕ್ಕೆ ಷಟರು, ಷಟರಿನ ಮುಂದೆ ಒಂದು ಕಲ್ಲು ಜಗಲಿ. ರಸ್ತೆ ಅಲ್ಲಿಂದ ಕೈಚಾಚಿದರೆ ಸಿಗುವಷ್ಟು ಹತ್ತಿರ. ಬಾಡಿಗೆಗೆ ಬಂದವರು ಯಾರೂ ಅಲ್ಲಿ ಹೆಚ್ಚು ಕಾಲ ನಿಂತಿರಲಿಲ್ಲ. ಕರಿ ಕನ್ನಡಕದವನು ಅಭ್ಯಾಸಬಲದಿಂದ, ಶಾಂತವಾದ ಜಾಗ ಅಕ್ಕಾ, ಅಂತ ಶುರು ಮಾಡಿದ. ಅದೇ ಹೊತ್ತಿಗೆ ಒಂದು ಬಸ್ಸು ಬಂದು ಅವನ ಬೆನ್ನ ಹಿಂದೆಯೇ ಹಾರನ್ ಹೊಡೆಯಿತು. ಅವನು ಬೆಚ್ಚಿ ಹಾರಿದ ರಭಸಕ್ಕೆ ಕನ್ನಡಕ ಕೆಳಗೆ ಬಿತ್ತು. ಅವನ ಕಣ್ಣು ಅಷ್ಟು ಸಾಧುವಾಗಿದೆ ಅಂತ ಅವಳು ನೋಡಿದ್ದು ಅವತ್ತೇ.

"ಸರಿ, ನಿನ್ನ ಥರಾನೇ ಹೇಳ್ತೀನಿ," ಅಂದ ಅವನು ಕನ್ನಡಕ ಎತ್ತಿಕೊಂಡು. "ಗಲಾಟೆ ಇದೆ. ಧೂಳು ಇದೆ. ಮಾಲೀಕರಿಗೆ ಕಾಯಿಲೆ ಕಸಾಲೆ ಎಲ್ಲ ಹೇಳಿದ್ದೀನಿ, ಅವರಿಗೆ ಅಡ್ಡಿ ಇಲ್ಲ. ಮೆಟ್ಟಿಲು ಒಂದೂ ಇಲ್ಲ."

ಮಗಳು ಒಳಗೆ ನೋಡಿ ಬಂದು ಮೂಗು ಮುರಿದಳು. ರಾತ್ರಿ ಪಾಳಿ ಮಾಡಿ ಬಂದು ಹಗಲು ಇಲ್ಲಿ ಹೇಗೆ ಮಲಗೋದು ಅಂತ ಅವಳ ಚಿಂತೆ. ಬೀಗದಕ್ಕನಿಗೂ ಮನಸ್ಸು ಬರಲಿಲ್ಲ. ಹೊರಡೋಣ ಅಂತ ಹೊರಗೆ ಬಂದು ನೋಡಿದರೆ ಗಂಡ ಜಗಲಿಯ ಮೇಲೆ ಕೂತಿದ್ದಾನೆ. ಬಸ್ಸಿಗೆ ಕಾಯುವವರು, ಇಳಿಯುವವರು, ಹಣ್ಣಿನ ಗಾಡಿಯವನ ಜೊತೆ ವಾದ ಮಾಡುವವರು. ಅವನ ತಲೆ ಒಬ್ಬರಿಂದ ಇನ್ನೊಬ್ಬರ ಕಡೆ ತಿರುಗುತ್ತಿತ್ತು. ಇಷ್ಟು ವರ್ಷ ಮೇಲಿನ ಮನೆಯಲ್ಲಿ ನೀರಿನ ಟ್ಯಾಂಕು ನೋಡುತ್ತ ಕೂತಿದ್ದವನು. ಬೀದಿಯಲ್ಲೇ ಬದುಕಿದ್ದ ಮನುಷ್ಯನನ್ನು ತಾನು ಜೋಪಾನ ಮಾಡುತ್ತೇನೆ ಅಂದುಕೊಂಡು ಎತ್ತಿ ಅಟ್ಟದ ಮೇಲಿಟ್ಟಿದ್ದೆ ಅಂತ ಅವಳಿಗೆ ಅಲ್ಲಿ ನಿಂತಾಗ ಅನ್ನಿಸಿತು. ಹೋಗೋಣ್ವಾ ಅಂತ ತೋಳು ಹಿಡಿದಳು. ಅವನು ಏಳಲಿಲ್ಲ. ಇನ್ನೊಮ್ಮೆ ಹಿಡಿದಳು. ಅವನು ಜಗಲಿಯ ಅಂಚನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡ.

ಮಗಳು ಅದನ್ನು ನೋಡಿದಳು. ಅಪ್ಪ ಏನಂದ್ರು ಅಂತ ಈ ಸಲ ಅಮ್ಮನನ್ನು ಕೇಳಲಿಲ್ಲ. "ಕಿವಿಗೆ ಹತ್ತಿ ಇಟ್ಕೊಂಡು ಮಲಗ್ತೀನಿ ಬಿಡು," ಅಂದಳು.

ಕರಿ ಕನ್ನಡಕದವನು ತನ್ನ ಕಮಿಷನ್ನು ಬಿಡಲಿಲ್ಲ. ದಂಧೆ ದಂಧೆನೇ ಅಕ್ಕಾ, ಅಂದ. ಆದರೆ ಸಾಮಾನು ಸಾಗಿಸುವ ದಿನ ತನ್ನದೇ ಟೆಂಪೋ ತಂದು, ಬೀರುವಿನ ಒಂದು ತುದಿಗೆ ತಾನೇ ಹೆಗಲು ಕೊಟ್ಟ. ಬೇಕರಿಯವನೂ ಅತ್ತಿಗೆಯೂ ಅದೇ ವಾರ ಹೊರಟರು. ಹೊರಡುವಾಗ ಅತ್ತಿಗೆ ಮಗಳ ಕೆನ್ನೆ ಹಿಡಿದು ಬಹಳ ಹೊತ್ತು ನಿಂತಿದ್ದಳಂತೆ. ಅಲ್ಲಿ ಅವನ ಕೆಮ್ಮು ಅರ್ಧಕ್ಕರ್ಧ ಇಳಿದಿದೆ, ಆದರೆ ಆ ಊರಿನ ಬ್ರೆಡ್ಡು ಬಾಯಿಗಿಡುವ ಹಾಗಿಲ್ಲ ಅಂತ ಫೋನು ಮಾಡಿದಾಗಲೆಲ್ಲ ಬೈಯುತ್ತಾನೆ.

ಅಂಗಡಿ ಜಾಗದಲ್ಲಿ ಬೀಗದಕ್ಕ ಒಂದು ಮೇಜು ಹಾಕಿ, "ಮನೆ ತೋರಿಸಲಾಗುವುದು" ಅಂತ ಬೋರ್ಡು ಬರೆಸಿದಳು. ಗಂಡ ಬೆಳಗ್ಗೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಜಗಲಿಗೆ ಬಂದು ಕೂರುತ್ತಾನೆ. ಅಂಗಿಗೆ ಇಸ್ತ್ರಿ ಬೇಕು ಅಂತ ಅವನು ಹಟ ಹಿಡಿದದ್ದು ಇಲ್ಲಿಗೆ ಬಂದ ಮೇಲೆ. ಬಸ್ಸಿಗೆ ಕಾಯುವವರು ಮೊದಮೊದಲು ಅವನ ಪಕ್ಕ ಚೀಲ ಇಟ್ಟು ಹೋಗಿ ನೀರಿನ ಬಾಟಲಿ ತರುತ್ತಿದ್ದರು, ಆಮೇಲೆ ಮಕ್ಕಳನ್ನೂ ಕೂರಿಸಿ ಹೋಗತೊಡಗಿದರು. ಶಾಲೆಯ ಹುಡುಗಿಯರು ಅವನಿಗೆ ತಮ್ಮ ಜಗಳಗಳನ್ನು ಹೇಳಿಕೊಳ್ಳುತ್ತಾರೆ. ಅವನು ಒಂದೇ ಮಾತಲ್ಲಿ ತೀರ್ಪು ಕೊಡುತ್ತಾನೆ, ಇಬ್ಬರಿಗೂ ತಾನೇ ಗೆದ್ದೆ ಅನ್ನಿಸುತ್ತದೆ.

ಹೋದ ತಿಂಗಳು ನಾನು ಆ ದಾರಿಯಲ್ಲಿ ಬರುತ್ತಿದ್ದೆ. ಬೀಗದಕ್ಕ ಯಾರಿಗೋ ಮನೆ ತೋರಿಸಿ ವಾಪಸು ಬರುತ್ತಿದ್ದವಳು ಸ್ಟಾಪಿನ ಹತ್ತಿರ ನಿಂತುಬಿಟ್ಟಿದ್ದಳು. ಹೊರಡಬೇಕಿದ್ದ ಬಸ್ಸು ಇಂಜಿನ್ ಚಾಲೂ ಇಟ್ಟುಕೊಂಡು ನಿಂತಿತ್ತು. ಬೀದಿಯ ಆ ತುದಿಯಿಂದ ಒಬ್ಬ ಹೆಂಗಸು ಕಂಕುಳಲ್ಲಿ ಮಗು ಎತ್ತಿಕೊಂಡು ಓಡಿ ಬರುತ್ತಿದ್ದಳು. ಜಗಲಿಯ ಮೇಲೆ ಮಾತಿನಮಲ್ಲ ಎದ್ದು ನಿಂತು, ಪೊಲೀಸಿನವನ ಹಾಗೆ ಎಡಗೈ ನೇರ ಎತ್ತಿದ್ದ. ಬೀಗದಕ್ಕ ಡ್ರೈವರನ ಹತ್ತಿರ ಹೋಗಿ, ತಪ್ಪು ತಿಳ್ಕೋಬೇಡಪ್ಪಾ, ನಿನ್ನ ಹೊತ್ತು ಹಾಳಾಗುತ್ತೆ, ಅಂದಳು.

"ಅದೇನಿಲ್ಲ ಬಿಡಮ್ಮ," ಅಂದ ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ. "ಈ ಸ್ಟಾಪಲ್ಲಿ ಯಜಮಾನ್ರು ಕೈ ಇಳಿಸೋವರೆಗೂ ನಾವ್ಯಾರೂ ಗಾಡಿ ತೆಗೆಯಲ್ಲ."

ಹೆಂಗಸು ಹತ್ತಿದಳು. ಅವನು ಕೈ ಇಳಿಸಿದ. ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು, ಬೀಗದಕ್ಕ ಸೆರಗಿಂದ ಮೂಗು ಮುಚ್ಚಿಕೊಂಡು ಅವನ ಪಕ್ಕ ಜಗಲಿಯ ಮೇಲೆ ಕೂತಳು.